ಆ ಮಗು ಯಾರ ಮನೆಯದು?

ಫ್ರಾನ್ಸಿನ ಸೆಬಾಸ್ತಿಯಾಂ ಲಿಫ್ಷಿಟ್ಸ್ ಎಂಬ ನಿರ್ದೇಶಕರ ಸಾಕ್ಷ್ಯಚಿತ್ರವೊಂದಿದೆ. ಹೆಸರು ‘ಪೆತೀತ್ ಫೀಯ್’, ಅಂದರೆ ಪುಟ್ಟ ಹುಡುಗಿ. 2020ರ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಅದರ ಮೊದಲ ಪ್ರದರ್ಶನವಾಯಿತು. ಕೊರೋನಾದಿಂದಾಗಿ ಚಿತ್ರಮಂದಿರಗಳು ಬಾಗಿಲು ಹಾಕಿದ್ದವು. ಹೀಗಾಗಿ ಅದೇ ವರ್ಷದ ಡಿಸೆಂಬರ್ 2ರಂದು ಆರ್ತೆ ಎಂಬ ಟಿವಿ ವಾಹಿನಿಯಲ್ಲಿ ಪ್ರಸಾರವಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಅದನ್ನು ನೋಡಿದರು.

ಉತ್ತರ ಫ್ರಾನ್ಸಿನ ಒಂದು ಸಣ್ಣ ಊರು. ಸಾಧಾರಣ ಸಂಸಾರ. ಏಳು ವರ್ಷದ ಮಗು. ಹುಟ್ಟಿದಾಗ ಗಂಡು ಎಂದು ದಾಖಲಾಗಿದೆ. ಮೂರು ನಾಲ್ಕು ವರ್ಷವಿದ್ದಾಗಲೇ ‘ದೊಡ್ಡವಳಾದ ಮೇಲೆ ನಾನು ಹುಡುಗಿಯಾಗುತ್ತೇನೆ’ ಎಂದು ತಾಯಿಗೆ ಹೇಳಿದೆ. ಆಗುವುದಿಲ್ಲ ಎಂದು ತಾಯಿ ಹೇಳಿದಾಗ ಮಗು ಅತ್ತ ಅಳುವನ್ನು ಆಕೆ ಮರೆತಿಲ್ಲ. ಮನೆಯಲ್ಲಿ ಅದು ಫ್ರಾಕು ತೊಡುತ್ತದೆ, ಅಕ್ಕ ತಮ್ಮಂದಿರೊಡನೆ ಆಡುತ್ತದೆ. ಶಾಲೆಗೆ ಹೋಗುವಾಗ ಪ್ಯಾಂಟು. ಶಾಲೆಯವರು ಅದನ್ನು ಹುಡುಗಿಯೆಂದು ಕರೆಯಲು ಒಪ್ಪುವುದಿಲ್ಲ, ವೈದ್ಯರ ಕಾಗದ ಬೇಕೆನ್ನುತ್ತಾರೆ. ತಾಯಿ ಪ್ಯಾರಿಸ್ಸಿನ ರೋಬೇರ್ ದೆಬ್ರೆ ಮಕ್ಕಳ ಆಸ್ಪತ್ರೆಗೆ ಹೋಗುತ್ತಾಳೆ. ವೈದ್ಯೆಯ ಮುಂದೆ ಕುಳಿತ ಆಕೆಯನ್ನು ಒಳಗೊಳಗೇ ತಿನ್ನುತ್ತಿರುವುದು ಒಂದೇ ಪ್ರಶ್ನೆ. ಬಸುರಿದ್ದಾಗ ಹೆಣ್ಣು ಮಗು ಬೇಕೆಂದು ಆಸೆಪಟ್ಟಿದ್ದೆ, ಅದರಿಂದ ಹೀಗಾಯಿತೆ? ಇಲ್ಲ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ನಿನ್ನ ತಪ್ಪೇನೂ ಇಲ್ಲ ಎಂದು ವೈದ್ಯೆ ಹೇಳಿದಾಗ ತಾಯಿಯ ಮುಖದ ಮೇಲಿನ ಭಾರ ಇಳಿಯುವುದು ಕಾಣುತ್ತದೆ. ನಮ್ಮ ಓಣಿಯ ಯಾವ ಅಮ್ಮಿಯಾದರೂ ಕೇಳುವ ಪ್ರಶ್ನೆಯಿದು. ಮಗು ಕಪ್ಪಾದರೆ, ಕುಂಟಾದರೆ, ಮಾತು ತಡವಾದರೆ, ತಪ್ಪು ಹೊರುವವಳು ಅವಳೇ ತಾನೆ? ಅದೇ ವೈದ್ಯೆ ಮಗುವಿನ ಕಡೆ ತಿರುಗಿ, ಶಾಲೆಯಲ್ಲಿ ಕಷ್ಟವಾಗುತ್ತದೆಯೇ ಎಂದು ಕೇಳುತ್ತಾರೆ. ಮಗು ಏನೂ ಹೇಳುವುದಿಲ್ಲ. ಕಣ್ಣು ತುಂಬಿಕೊಳ್ಳುತ್ತದೆ.

ಇಲ್ಲಿ ಶಸ್ತ್ರಚಿಕಿತ್ಸೆ, ಔಷಧಿಗಳ ಮಾತು ಇನ್ನೂ ದೂರದ್ದು. ಬೆಳೆಯುವ ವಯಸ್ಸಿನ ಮಕ್ಕಳಿಗೆ ಔಷಧ ಕೊಡಬೇಕೆ ಬೇಡವೆ ಎಂಬ ಬಗ್ಗೆ ವೈದ್ಯರಲ್ಲೇ ಜಗಳವಿದೆ. ಬ್ರಿಟನ್ನಿನಲ್ಲಿ 2024ರ ಕ್ಯಾಸ್ ವರದಿ ಇದಕ್ಕಿರುವ ಆಧಾರ ದುರ್ಬಲವೆಂದು ಹೇಳಿತು. ಆ ಚರ್ಚೆ ಅದನ್ನು ಬಲ್ಲವರಿಗಿರಲಿ. ಏಳು ವರ್ಷದ ಈ ಮಗು ಕೇಳುತ್ತಿರುವುದು ಬಟ್ಟೆ ಮತ್ತು ಒಂದು ಸರ್ವನಾಮ. ಫ್ರೆಂಚಿನಲ್ಲಿ ‘ಅವನು’ ಇಲ್ಲವೇ ‘ಅವಳು’ ಎನ್ನದೆ ಮಗುವಿನ ಬಗ್ಗೆ ಹೆಚ್ಚು ಹೊತ್ತು ಮಾತಾಡಲಾಗದು. ಉರ್ದುವಿನಲ್ಲಿ ಇನ್ನೂ ಬಿಗಿ. ‘ನಾನು ಹೋಗುತ್ತೇನೆ’ ಎನ್ನಬೇಕಾದರೂ ಜಾತಾ, ಜಾತೀ ಎಂದು ನಾಲಿಗೆಯೇ ಗಂಡೋ ಹೆಣ್ಣೋ ಎಂದು ಸಾರಬೇಕು. ನಮ್ಮ ದಖನಿ ಮಾತ್ರ ಕೊಂಚ ಉದಾರಿ, ಹೆಣ್ಣುಮಕ್ಕಳೂ ‘ಜಾತೂಂ’ ಎನ್ನುವುದುಂಟು. ಕನ್ನಡವಂತೂ ಮಗುವನ್ನು ‘ಅದು’ ಎಂದು ಕರೆದು ಸುಮ್ಮನಾಗುತ್ತದೆ. ನಾವು ಈ ಲೇಖನದಲ್ಲಿ ಆ ಸೌಕರ್ಯವನ್ನೇ ಬಳಸಿಕೊಂಡಿದ್ದೇವೆ.

ತಂದೆ ಹೆಚ್ಚು ಮಾತಿನವನಲ್ಲ. ತನ್ನ ಮಗು, ಅಷ್ಟೇ ಎಂಬ ಧಾಟಿ ಅವನದು. ಕೊನೆಗೆ ವೈದ್ಯೆಯ ಪತ್ರ ಬರುತ್ತದೆ, ಶಾಲೆ ಮಣಿಯುತ್ತದೆ. ಮುಂದಿನ ವರ್ಷ ಫ್ರೆಂಚ್ ಶಿಕ್ಷಣ ಇಲಾಖೆಯೇ ಒಂದು ಸುತ್ತೋಲೆ ಹೊರಡಿಸಿ, ಪಾಲಕರು ಒಪ್ಪಿದರೆ ಇಂಥ ಮಕ್ಕಳನ್ನು ಅವರು ಬಯಸುವ ಹೆಸರಿನಿಂದ ಕರೆಯಬೇಕೆಂದು ಶಾಲೆಗಳಿಗೆ ತಿಳಿಸಿತು. ಬಟ್ಟೆಯ ವಿಷಯದಲ್ಲಿ ಫ್ರಾನ್ಸ್ ಸರಕಾರದ ಕೈ ಉದ್ದ. 1800ರಲ್ಲಿ ಪ್ಯಾರಿಸ್ಸಿನ ಪೊಲೀಸರು ಹೊರಡಿಸಿದ್ದ ಆದೇಶದ ಪ್ರಕಾರ, ಗಂಡಸಿನ ಉಡುಪು ತೊಡಬಯಸುವ ಹೆಂಗಸು ಠಾಣೆಗೆ ಬಂದು ಅನುಮತಿ ಪಡೆಯಬೇಕಿತ್ತು. ಅದು ಅಸಿಂಧುವೆಂದು ಸರಕಾರ ಹೇಳಿದ್ದು 2013ರಲ್ಲಿ! ಅದೇ ದೇಶ 2004ರಲ್ಲಿ ಶಾಲೆಯ ಹುಡುಗಿಯರ ತಲೆವಸ್ತ್ರ ಬಿಚ್ಚಿಸುವ ಕಾನೂನು ಮಾಡಿತು. 2022ರ ಉಡುಪಿಯನ್ನು ಕಂಡ ನಮಗೆ ಶಾಲೆಯ ಗೇಟಿನಲ್ಲಿ ನಿಂತು ಮಕ್ಕಳ ಬಟ್ಟೆ ಅಳೆಯುವವರು ಹೊಸಬರೇನಲ್ಲ.

ಇಷ್ಟು ಹೇಳಿದರೆ, ಇದೆಲ್ಲ ಬಿಳಿಯರ ದೇಶದ ಹೊಸ ಖಯಾಲಿ, ನಮ್ಮಲ್ಲಿ ಇದಾವುದೂ ಇರಲಿಲ್ಲ ಎನ್ನುವವರು ಸಿಗುತ್ತಾರೆ. ನಮ್ಮಲ್ಲಿ ಇತ್ತು. ಅಷ್ಟೇ ಅಲ್ಲ, ಇಂಥವರ ಬಟ್ಟೆಯನ್ನೂ ಅವರ ಮನೆಯಲ್ಲಿದ್ದ ಮಗುವನ್ನೂ ಪೊಲೀಸರ ದಫ್ತರಿಗೆ ಏರಿಸಿದ ಕಾನೂನೂ ನಮ್ಮಲ್ಲೇ ಇತ್ತು. ಅದನ್ನು ಬರೆದವರು ಮಾತ್ರ ಬಿಳಿಯರು.

1852ರ ಆಗಸ್ಟಿನಲ್ಲಿ ಉತ್ತರ ಹಿಂದೂಸ್ತಾನದ ಮೈನ್‌ಪುರಿ ಜಿಲ್ಲೆಯಲ್ಲಿ ಭೂರಾ ಎಂಬ ಹಿಜ್ರಾಳ ಕೊಲೆಯಾಯಿತು. ಇಬ್ಬರು ಚೇಲಾಗಳೊಂದಿಗೆ ವಾಸವಿದ್ದು, ಮಗು ಹುಟ್ಟಿದ ಮನೆಗಳಲ್ಲಿ ಹಾಡಿ ಕುಣಿದು ಇನಾಮು ಪಡೆದು ಬದುಕುತ್ತಿದ್ದವಳು. ಕೊಂದವನು ಹಳೆಯ ಪ್ರಿಯಕರನೆಂದು ನ್ಯಾಯಾಲಯ ತೀರ್ಮಾನಿಸಿತು. ಅಲ್ಲಿಗೆ ಮುಗಿಯಬೇಕಿದ್ದ ಮೊಕದ್ದಮೆ ಅದು. ಆದರೆ ಇಂಗ್ಲಿಷ್ ನ್ಯಾಯಾಧೀಶರು ಸತ್ತವಳ ಕುಲದ ಮೇಲೆಯೇ ತೀರ್ಪು ಬರೆಯಹೊರಟರು. ಇಂಥವರು ಇರುವುದೇ ಕಂಪನಿಯ ಆಡಳಿತಕ್ಕೆ ಕಳಂಕ ಎಂಬರ್ಥದ ಮಾತುಗಳು ದಾಖಲಾದವು. ಜೆಸ್ಸಿಕಾ ಹಿಂಚಿ ಎಂಬ ಇತಿಹಾಸಕಾರ್ತಿ ವಸಾಹತು ಕಾಲದ ಹಿಜ್ರಾಗಳ ಬಗ್ಗೆ 2019ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಕಡತಗಳನ್ನೆಲ್ಲ ಕೆದಕಿದ್ದಾರೆ.

ಮುಂದೆ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಇದರ ಮೊದಲ ಭಾಗವನ್ನು ನಾವೆಲ್ಲ ಬಲ್ಲೆವು, ಇಡೀ ಜಾತಿಗಳನ್ನೇ ಹುಟ್ಟುಗಳ್ಳರೆಂದು ಬರೆಸಿದ ಭಾಗ ಅದು. ಎರಡನೆಯ ಭಾಗವನ್ನು ಓದಿದವರು ಕಡಿಮೆ. ಕಾನೂನು ‘ನಪುಂಸಕ’ರೆಂದು ಕರೆದವರಿಗಾಗಿಯೇ ಬರೆದ ಭಾಗವದು. ವಾಯವ್ಯ ಪ್ರಾಂತ, ಅವಧ್, ಪಂಜಾಬುಗಳಲ್ಲಿ ಜಾರಿಗೆ ಬಂತು. ಮಕ್ಕಳನ್ನು ಕದಿಯುವ, ಬೀಜ ಒಡೆಯುವ ಅಥವಾ ಅಸಹಜ ಅಪರಾಧ ಮಾಡುವ ಗುಮಾನಿ ಇರುವ ಹಿಜ್ರಾಗಳ ಪಟ್ಟಿಯಾಗಬೇಕು. ಗುಮಾನಿ ಸಾಕು, ಸಾಬೀತು ಬೇಡ. ಪಟ್ಟಿಗೆ ಸೇರಿದವರು ರಸ್ತೆಯಲ್ಲಿ ಹೆಣ್ಣುಡುಗೆ ತೊಟ್ಟರೆ, ಒಡವೆ ಇಟ್ಟರೆ, ಕುಣಿದರೆ, ವಾದ್ಯ ನುಡಿಸಿದರೆ ವಾರಂಟಿಲ್ಲದೆ ಹಿಡಿಯಬಹುದು. ಶಿಕ್ಷೆ ಎರಡು ವರ್ಷದವರೆಗೆ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ.

ನಮ್ಮ ವಿಷಯಕ್ಕೆ ಮುಖ್ಯವಾದ ಕಲಮುಗಳು ಇದರ ನಂತರ ಬರುತ್ತವೆ. ಪಟ್ಟಿಯಲ್ಲಿರುವವರ ಮನೆಯಲ್ಲಿ ಹದಿನಾರು ವರ್ಷದೊಳಗಿನ ಗಂಡುಮಗು ಇದ್ದರೆ ಅದೇ ಅಪರಾಧ, ಅದಕ್ಕೂ ಎರಡು ವರ್ಷ. ಮ್ಯಾಜಿಸ್ಟ್ರೇಟನು ಮಗುವನ್ನು ಹೆತ್ತವರಿಗೆ ಒಪ್ಪಿಸಬೇಕು, ಅವರು ಸಿಗದಿದ್ದರೆ ಬೇರೆ ವ್ಯವಸ್ಥೆ ಮಾಡಬೇಕು. ಪಟ್ಟಿಯಲ್ಲಿರುವವರು ಯಾವ ಮಗುವಿಗೂ ಪೋಷಕರಾಗುವಂತಿಲ್ಲ, ದತ್ತು ಪಡೆಯುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ಮರಣಪತ್ರ ಬರೆಯುವಂತಿಲ್ಲ. ಅಂದರೆ ಅವರಿಗೆ ಮುಂದೆ ಯಾರೂ ಇರಬಾರದು. ಗುರುವಿನ ಪಾತ್ರೆಪಗಡೆ ಚೇಲಾಳಿಗೆ ಹೋಗಬಾರದು. ಒಬ್ಬೊಬ್ಬರಾಗಿ ಮುದಿಯಾಗಿ ಸಾಯಲಿ, ಹೊಸಬರು ಸೇರದಿರಲಿ. ಈ ಕಡೆ ದಖನ್ನಿನಲ್ಲೂ ಇದೇ ಧೋರಣೆ ಬೇರೆ ರೂಪದಲ್ಲಿ ನಡೆದಿತ್ತು. ಮರಾಠರ ಕಾಲದಲ್ಲಿ ಹಿಜ್ರಾಗಳಿಗೆ ಹಳ್ಳಿಗಳಿಂದ ಕಾಳು, ಚಿಲ್ಲರೆ ಹಣ ಪಡೆಯುವ ಹಕ್ಕು ಸನದಿನ ಮೂಲಕ ಸಿಕ್ಕಿತ್ತು. ಮುಂಬಯಿ ಸರಕಾರ ಅದು ಗುರುವಿನಿಂದ ಚೇಲಾಳಿಗೆ ದಾಟದಂತೆ ಮಾಡಿತು.

ಮಕ್ಕಳ ಕಳ್ಳತನ, ಬೀಜ ಒಡೆಯುವುದು ಎಂಬ ಆರೋಪ ಪೂರಾ ಗಾಳಿಯಿಂದ ಬಂದದ್ದೆ? ಇಲ್ಲಿ ನಾವು ನಮ್ಮ ಇತಿಹಾಸಕ್ಕೂ ಮಾಫಿ ಕೊಡಬಾರದು. ಬಾದಶಹರ ಜನಾನಾ ಕಾಯುತ್ತಿದ್ದ, ಸೈನ್ಯ ನಡೆಸುತ್ತಿದ್ದ ಖ್ವಾಜಾಸರಾಗಳ ವೈಭವವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 1311ರಲ್ಲಿ ನಮ್ಮ ದ್ವಾರಸಮುದ್ರದವರೆಗೆ ಬಂದ ಮಲಿಕ್ ಕಾಫೂರ್ ಅಂಥವನೇ. ಆದರೆ ಅವರಲ್ಲಿ ಅನೇಕರು ಬಾಲ್ಯದಲ್ಲೇ ಗುಲಾಮರಾಗಿ ಮಾರಾಟವಾದ, ಬಲವಂತದಿಂದ ಕೊಯ್ಸಿಕೊಂಡ ಮಕ್ಕಳು. ಬಂಗಾಳದ ಸಿಲ್ಹೆಟ್ ಕಡೆ ಕಂದಾಯದ ಬದಲು ಹಾಗೆ ಕೊಯ್ದ ಗಂಡುಮಕ್ಕಳನ್ನು ಕೊಡುವ ಪದ್ಧತಿ ಇತ್ತೆಂದೂ ಅದನ್ನು ತಾನು ನಿಷೇಧಿಸಿದೆನೆಂದೂ ಜಹಾಂಗೀರನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆ ಮಕ್ಕಳನ್ನು ಯಾರೂ ಕೇಳಿರಲಿಲ್ಲ. ‘ಖ್ವಾಜಾ’ ಎಂದರೆ ಒಡೆಯ. ಅಜ್ಮೀರಿನ ಖ್ವಾಜಾ, ಗುಲಬರ್ಗಾದ ಖ್ವಾಜಾ ಎಂದು ಕೈಮುಗಿಯುವ ಅದೇ ಪದ ನಮ್ಮ ಕನ್ನಡ ಬೀದಿಗಳಲ್ಲಿ ‘ಖೋಜಾ’ ಎಂಬ ಬೈಗುಳವಾಗಿ ಉಳಿದಿದೆ.

ಹೀಗಿರುವಾಗ ಮಕ್ಕಳನ್ನು ಕಾಪಾಡಲು ಬಂದ ಕಾನೂನು ಎಂದು ಯಾರಾದರೂ ವಾದಿಸಬಹುದು. ಅದಕ್ಕೆ ಉತ್ತರ ಅವರದೇ ದಫ್ತರಿನಲ್ಲಿದೆ. ಹಿಂಚಿಯವರು ತೆಗೆದುಕೊಟ್ಟ ಲೆಕ್ಕದ ಪ್ರಕಾರ, 1860ರಿಂದ 1880ರ ನಡುವೆ ಪಟ್ಟಿಗೆ ಸೇರಿದ ಹಿಜ್ರಾಗಳ ಜೊತೆ ಸಿಕ್ಕ ಗಂಡುಮಕ್ಕಳು 90ರಿಂದ 100. ಅವರಲ್ಲಿ ಬೀಜ ಒಡೆಸಿಕೊಂಡಿದ್ದವರು ಕೆಲವರು ಮಾತ್ರ. ಹೆಚ್ಚಿನವರು ತಮ್ಮ ಹೆತ್ತವರ ಜೊತೆಗೇ ಇದ್ದರು!

ಈ ವಾಕ್ಯದ ಬಳಿ ನಾವು ಬಹಳ ಹೊತ್ತು ನಿಂತೆವು. ಹೆತ್ತ ತಾಯಿ, ಅವಳ ಮಗು, ಅವರ ಜೊತೆಗೆ ಒಬ್ಬ ಹಿಜ್ರಾ, ಒಂದೇ ಸೂರು. ಬಾಡಿಗೆಗಿದ್ದರೋ, ನಂಟರೋ, ಹಾಡು ಕುಣಿತದ ಜೊತೆಗಾರರೋ, ಆಯಾ ಮನೆಯ ಕಥೆ ಆಯಾ ಮನೆಗೆ ಗೊತ್ತು. ಪೊಲೀಸರ ಲೇಖನಿಗೆ ಆ ಮನೆ ಅಪರಾಧದ ಜಾಗವಾಗಿ ಕಂಡಿತು. ಆ ಮಕ್ಕಳಲ್ಲಿ ಫ್ರಾನ್ಸಿನ ಮಗುವಿನಂಥವರು ಎಷ್ಟಿದ್ದರೋ ಹೇಳಲು ಬಾರದು, ಯಾರೂ ಕೇಳಿ ಬರೆದುಕೊಂಡಿಲ್ಲ. ಆದರೆ ತಾಯಿಯ ಕೈಬಿಟ್ಟವರೇ ಹಿಜ್ರಾಗಳ ಮನೆ ಸೇರುತ್ತಾರೆ, ಇಲ್ಲವೆ ಅವರು ಕದ್ದೊಯ್ಯುತ್ತಾರೆ ಎಂಬ ಎರಡೇ ಕಥೆ ನಮಗೆ ಗೊತ್ತಿತ್ತು. ಮೂರನೆಯದೂ ಇತ್ತು.

ಬ್ರಿಟಿಷರು 1911ರಲ್ಲಿ ಕಾಯ್ದೆಯನ್ನು ಹೊಸದಾಗಿ ಬರೆದಾಗ ಈ ಎರಡನೆಯ ಭಾಗವನ್ನು ಕೈಬಿಟ್ಟರು. ಅವರು ಎಸೆದದ್ದನ್ನು ಎತ್ತಿಕೊಂಡವರು ನಮ್ಮ ನಿಜಾಮರು. 1919ರಲ್ಲಿ, ಅಂದರೆ ಫಸಲಿ 1329ರಲ್ಲಿ, ಮೀರ್ ಉಸ್ಮಾನ್ ಅಲೀಖಾನರ ಹೈದರಾಬಾದು ಸರಕಾರ ಹೆಚ್ಚುಕಡಿಮೆ ಅದೇ ಕಲಮುಗಳ ಕಾಯ್ದೆ ತಂದಿತು. ಹೈದರಾಬಾದು ನಗರದಲ್ಲಿ, ಮತ್ತು ಸರಕಾರ ಹೆಸರಿಸುವ ಬೇರೆ ಜಾಗಗಳಲ್ಲಿ ಹಿಜ್ರಾಗಳ ಪಟ್ಟಿ, ಹೆಣ್ಣುಡುಗೆಗೆ ಸಜೆ, ಮನೆಯಲ್ಲಿ ಹದಿನಾರರೊಳಗಿನ ಗಂಡುಮಗು ಇದ್ದರೆ ಸಜೆ. ಬೀದರ್, ಗುಲಬರ್ಗಾ, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. ಜೋಗಪ್ಪಗಳು ಮುತ್ತು ಕಟ್ಟಿಸಿಕೊಳ್ಳುವ ಹುಲಿಗಿಯ ಹುಲಿಗೆಮ್ಮನ ಗುಡಿಯೂ ನಿಜಾಮರ ದಡದಲ್ಲೇ ಇತ್ತು. ಹೈದರಾಬಾದು ಹೋಗಿ ಆಂಧ್ರ ಬಂತು, ಆಂಧ್ರ ಒಡೆದು ತೆಲಂಗಾಣ ಬಂತು, ಕಾಯ್ದೆ ಮಾತ್ರ ಪುಸ್ತಕದಲ್ಲೇ ಕುಳಿತಿತ್ತು. ಅದು ಸಂವಿಧಾನಬಾಹಿರವೆಂದು ತೆಲಂಗಾಣ ಹೈಕೋರ್ಟು ರದ್ದು ಮಾಡಿದ್ದು 2023ರ ಜುಲೈನಲ್ಲಿ. ಕರ್ನಾಟಕದವರು ನಗಬೇಕಾಗಿಲ್ಲ. 2011ರಲ್ಲಿ ನಮ್ಮ ಪೊಲೀಸ್ ಕಾಯ್ದೆಗೆ ‘36ಎ’ ಎಂಬ ಹೊಸ ಕಲಮು ಸೇರಿಸಿ, ಮಕ್ಕಳನ್ನು ಅಪಹರಿಸುವ ಗುಮಾನಿಯ ಮೇಲೆ ಇದೇ ಜನರ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟೆವು. ಸಂಘಟನೆಗಳು ಹೈಕೋರ್ಟಿಗೆ ಹೋದ ಮೇಲೆಯೇ ಅದರ ಮಾತು ಬದಲಾಯಿತು. ನೂರಾನಲವತ್ತು ವರ್ಷದ ಹಿಂದಿನ ವಾಕ್ಯ ಯಾರ ತಲೆಯಲ್ಲಿ ಹಾಗೇ ಉಳಿದಿತ್ತೋ!

ನಿಜಾಮರ ವಜೀರರ ಮೇಜಿನ ಮೇಲೆ ಇಂಗ್ಲಿಷ್ ಕಾಯ್ದೆಯಿತ್ತು. ಪಕ್ಕದ ಕಪಾಟಿನಲ್ಲಿ ‘ಹಿದಾಯಾ’ ಕೂಡ ಇದ್ದಿರಲೇಬೇಕು. ಹನ್ನೆರಡನೆಯ ಶತಮಾನದ ಬುರ್ಹಾನುದ್ದೀನ್ ಮರ್ಗೀನಾನಿಯವರು ಬರೆದ, ಹನಫಿ ಮದರಸಾಗಳಲ್ಲಿ ಇಂದಿಗೂ ಓದಿಸುವ ಗ್ರಂಥ. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಅದನ್ನು ಕಂಪನಿಯ ಅಧಿಕಾರಿಗಳಿಗಾಗಿ ಇಂಗ್ಲಿಷಿಗೆ ತಂದಿದ್ದ. ಅದರ ಕೊನೆಯಲ್ಲಿ ಖುನ್ಸಾರ ಬಗ್ಗೆ ಒಂದು ಅಧ್ಯಾಯವಿದೆ. ಹುಟ್ಟಿನಿಂದ ಗಂಡು ಹೆಣ್ಣು ಎಂದು ಹೇಳಲಾಗದ ದೇಹ ಪಡೆದವರು ಖುನ್ಸಾ. ಮಗುವಾಗಿದ್ದಾಗ ಯಾವ ಗುರುತು ನೋಡಬೇಕು, ಪ್ರಾಯಕ್ಕೆ ಬಂದಾಗ ಯಾವುದು, ಎರಡೂ ಸಮವಾಗಿದ್ದರೆ ಏನು, ನಮಾಜಿನ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು ಎಂದೆಲ್ಲ ತಾಳ್ಮೆಯಿಂದ ವಿಚಾರ ಮಾಡಿದ್ದಾರೆ. ಸಾಲಿನಿಂದ ಹೊರಗೆ ಹೋಗು ಎಂದು ಮಾತ್ರ ಎಲ್ಲೂ ಹೇಳಿಲ್ಲ. ಗಂಡಸರ ಮತ್ತು ಹೆಂಗಸರ ಸಾಲುಗಳ ನಡುವೆ ಒಂದು ಜಾಗ ಮಾಡಿಕೊಟ್ಟಿದ್ದಾರೆ.

ಆಸ್ತಿಯ ಲೆಕ್ಕ ಇನ್ನೂ ಸೊಗಸು. ತಂದೆ ತೀರಿಕೊಂಡ, ಒಬ್ಬ ಮಗ, ಇನ್ನೊಂದು ಖುನ್ಸಾ ಮಗು. ಇಮಾಮ್ ಅಬೂಹನೀಫಾರ ಪ್ರಕಾರ ಮೂರು ಪಾಲು ಮಾಡಿ ಎರಡು ಮಗನಿಗೆ, ಒಂದು ಖುನ್ಸಾಗೆ. ಗಂಡಿನ ಅರ್ಧ, ಹೆಣ್ಣಿನ ಅರ್ಧ ಸೇರಿಸಿ ಕೊಡಬೇಕೆಂದು ಶಅಬೀಯವರ ಮಾತಿತ್ತು. ಅದನ್ನು ಲೆಕ್ಕಕ್ಕಿಳಿಸುವಾಗ ಅಬೂಹನೀಫಾರ ಇಬ್ಬರು ಶಿಷ್ಯರು ಬೇರೆ ಬೇರೆ ದಾರಿ ಹಿಡಿದರು. ಅಬೂಯೂಸುಫರ ಲೆಕ್ಕದಲ್ಲಿ ಖುನ್ಸಾಗೆ ಏಳರಲ್ಲಿ ಮೂರು ಪಾಲು. ಇಮಾಮ್ ಮುಹಮ್ಮದರ ಲೆಕ್ಕದಲ್ಲಿ ಹನ್ನೆರಡರಲ್ಲಿ ಐದು. ನೆಲದ ಚೂರಿಗಾಗಿ ಇಷ್ಟು ತಲೆ ಕೆಡಿಸಿಕೊಂಡರೆಂದು ನಗುವವರು ನಗಲಿ. ಪಾಲು ಎಷ್ಟು ಎಂಬುದರ ಮೇಲೆ ಜಗಳವಿತ್ತು. ಪಾಲು ಇದೆಯೇ ಎಂಬುದರ ಮೇಲೆ ಇರಲಿಲ್ಲ. ಆ ಮಗು ವಾರೀಸು ಎಂಬಲ್ಲಿಂದಲೇ ಅವರ ಮಾತು ಶುರುವಾಗುತ್ತಿತ್ತು.

ಖುನ್ಸಾ ಬೇರೆ, ಫ್ರಾನ್ಸಿನ ಆ ಮಗು ಬೇರೆ ಎಂದು ಆಲಿಮರು ಹೇಳುತ್ತಾರೆ. ಅದು ಸರಿ. ದೇಹದಲ್ಲಿ ಗುರುತು ಕಲಸಿಹೋದವರು ಒಂದು ಬಗೆ, ದೇಹ ಸ್ಪಷ್ಟವಿದ್ದೂ ಮನಸ್ಸು ಬೇರೆ ಹೇಳುವವರು ಇನ್ನೊಂದು ಬಗೆ. ಎರಡನೆಯವರ ಹತ್ತಿರಕ್ಕೆ ಬರುವ ಪದ ‘ಮುಖನ್ನಸ್’. ಹೆಣ್ಣಿನಂತೆ ವೇಷ ಹಾಕುವ ಗಂಡಿಗೆ ಶಾಪವಿರುವ ಹದೀಸ್ ಇದೆ, ಮುಚ್ಚಿಡಬೇಕಿಲ್ಲ. ಪ್ರವಾದಿಯವರ(ಸ) ಮನೆಯ ಹೆಂಗಸರ ಬಳಿ ಒಬ್ಬ ಮುಖನ್ನಸ್ ಬಂದುಹೋಗುತ್ತಿದ್ದನೆಂಬ ಹದೀಸೂ ಇದೆ. ಆತ ತಾಯಿಫಿನ ಹೆಣ್ಣೊಬ್ಬಳ ಮೈಯನ್ನು ಬಣ್ಣಿಸಿದ್ದು ಕಿವಿಗೆ ಬಿದ್ದ ಮೇಲೆಯೇ ಒಳಗೆ ಬರಬಾರದೆಂದು ಅಪ್ಪಣೆಯಾಯಿತು. ಅಲ್ಲಿಯವರೆಗೆ ಉಮ್ಮು ಸಲಮಾರ(ರ) ಮನೆಯ ಬಾಗಿಲು ಅವನಿಗೆ ತೆರೆದಿತ್ತು. ಹದಿಮೂರನೆಯ ಶತಮಾನದ ಇಮಾಮ್ ನವವಿ ಈ ಹದೀಸನ್ನು ವಿವರಿಸುವಾಗ ಇಬ್ಬರನ್ನು ಬೇರ್ಪಡಿಸುತ್ತಾರೆ. ಹುಟ್ಟಿನಿಂದಲೇ ಹಾಗಿರುವವರ ಮೇಲೆ ತಪ್ಪಿಲ್ಲ, ಗುನಾಹ್ ಇಲ್ಲ. ಬೇಕೆಂದೇ ಹಾಗೆ ನಟಿಸುವವರ ಮೇಲೆ ಇದೆ. ಮೂರನೆಯ ವರ್ಷಕ್ಕೆ ಬಾಯಿಬಿಟ್ಟು ಹೇಳಿದ ಮಗು ಯಾವ ಗುಂಪಿಗೆ ಸೇರುತ್ತದೆ? ನಾವು ಮುಫ್ತಿಗಳಲ್ಲ, ಕಥೆ ಬರೆಯುವವರು. ಆದರೆ ಆ ವಯಸ್ಸಿನಲ್ಲಿ ನಟನೆ ಎಂಬ ಮಾತು ನಮಗೆ ಒಪ್ಪಿತವಾಗುವುದಿಲ್ಲ.

ಇತ್ತೀಚಿನ ಕಾಲದಲ್ಲಿ ಈ ಚರ್ಚೆ ಹೆಚ್ಚಾಗಿ ಆಸ್ಪತ್ರೆಯ ಕಡೆ ತಿರುಗಿದೆ. 1980ರ ದಶಕದಲ್ಲಿ ಇರಾನಿನ ಖೊಮೇನಿ ಶಸ್ತ್ರಚಿಕಿತ್ಸೆಗೆ ಫತ್ವಾ ಕೊಟ್ಟರು. 1988ರಲ್ಲಿ ಈಜಿಪ್ಟಿನ ಮುಫ್ತಿ ತಂತಾವಿಯವರು ಅಲ್ ಅಜ್‌ಹರ್‌ನ ವಿದ್ಯಾರ್ಥಿಯೊಬ್ಬರ ಪ್ರಕರಣದಲ್ಲಿ ಷರತ್ತುಗಳ ಫತ್ವಾ ಬರೆದರು. ಮನೆಯ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡಿದ್ದು ಪಾಕಿಸ್ತಾನ. ಡಾ. ಮುಹಮ್ಮದ್ ಅಸ್ಲಂ ಖಾಕಿ ಎಂಬ ವಕೀಲರು, ಶರೀಅತ್ ಓದಿಕೊಂಡವರು, ಖ್ವಾಜಾಸರಾಗಳ ಪರವಾಗಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋದರು. 2009ರಿಂದ ಬಂದ ಆದೇಶಗಳಲ್ಲಿ ವಾರೀಸು ಹಕ್ಕಿನ ಮಾತೂ ಇತ್ತು. 2018ರ ಕಾಯ್ದೆಯಲ್ಲಿ ಗಂಡೋ ಹೆಣ್ಣೋ ಹೇಳಲಾಗದವರಿಗೆ ಎರಡು ಪಾಲುಗಳ ಸರಾಸರಿ ಕೊಡಬೇಕೆಂದು ಬರೆದರು. ಇಸ್ಲಾಮಾಬಾದಿನ ಪಾರ್ಲಿಮೆಂಟಿನಲ್ಲಿ ಇಮಾಮ್ ಮುಹಮ್ಮದರ ಹನ್ನೆರಡರಲ್ಲಿ ಐದು ಮತ್ತೆ ಜೀವ ಪಡೆದಿತ್ತು! 2023ರ ಮೇ ತಿಂಗಳಲ್ಲಿ ಅಲ್ಲಿನ ಫೆಡರಲ್ ಶರೀಅತ್ ಕೋರ್ಟು ಆ ಕಲಮನ್ನೂ, ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕಿನ ಕಲಮನ್ನೂ ಇಸ್ಲಾಮಿಗೆ ವಿರುದ್ಧವೆಂದು ತೀರ್ಪಿತ್ತಿತು. ಅದರ ಮೇಲೆ ಮೇಲ್ಮನವಿಗಳು ಹೋದವು.

ಭಾರತದ 2019ರ ಕಾಯ್ದೆ 1871ರದ್ದನ್ನು ತಲೆಕೆಳಗು ಮಾಡಿತು ಎನ್ನಬಹುದು. ಲಿಂಗತ್ವದ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರ್ಪಡಿಸಬಾರದು ಎಂದು ಅದು ಹೇಳಿತು. ಹೆತ್ತವರು ನೋಡಿಕೊಳ್ಳಲಾಗದಿದ್ದರೆ ಕೋರ್ಟು ಮಗುವನ್ನು ಪುನರ್ವಸತಿ ಕೇಂದ್ರಕ್ಕೆ ಕಳಿಸಬೇಕು ಎಂದಿತು. ಗುರುವಿನ ಮನೆಗೆ ಇಲ್ಲಿಯೂ ಜಾಗವಿಲ್ಲ. ಹೆತ್ತವರೇ ಹೊಡೆಯುವವರಾದರೆ ಮಗು ಎಲ್ಲಿಗೆ ಹೋಗಬೇಕು ಎಂದು ಆ ಸಮುದಾಯದವರು ಆಗಲೇ ಕೇಳಿದ್ದರು. ನಮ್ಮ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರನ್ನೇ ನೋಡಿ. ಹದಿಹರೆಯದಲ್ಲಿ ಮನೆಯವರೇ ಹುಲಿಗಿಗೆ ಕರೆದೊಯ್ದು ದೇವರಿಗೆ ಬಿಟ್ಟರು, ಆ ಮೇಲೆ ಮನೆಯಲ್ಲಿ ಉಳಿಯಲಾಗಲಿಲ್ಲ. ಕುಣಿತ ಕಲಿಸಿ ಅನ್ನ ಹಾಕಿದವರು ಜೋಗತಿಯರು. ಜಾನಪದ ಅಕಾಡೆಮಿಯ ಅಧ್ಯಕ್ಷತೆ, 2021ರ ಪದ್ಮಶ್ರೀ ಎಲ್ಲ ಅದರ ಬೆನ್ನಿಗೆ ಬಂದವು.

ನಮ್ಮವರಲ್ಲಿ ದೇವರಿಗೆ ಬಿಡುವ ದಾರಿಯಿಲ್ಲ. ಅದರ ಬದಲು ‘ಆಕ್’ ಇದೆ. ಮಗ ಮಾತು ಕೇಳುತ್ತಿಲ್ಲ, ಇಂದಿನಿಂದ ನನಗೂ ಅವನಿಗೂ ಸಂಬಂಧವಿಲ್ಲ, ನನ್ನ ಜಾಯದಾದಿನಲ್ಲಿ ಅವನಿಗೆ ಹಿಸ್ಸೆಯಿಲ್ಲ ಎಂದು ಉರ್ದು ಪತ್ರಿಕೆಯ ಒಳಪುಟದಲ್ಲಿ ತಂದೆ ಹಾಕಿಸುವ ಪುಟ್ಟ ಜಾಹೀರಾತು. ‘ಮಾತು ಕೇಳದ’ ಆ ಮಕ್ಕಳಲ್ಲಿ ಕೆಲವರ ತಪ್ಪು ಏನಿರಬಹುದೆಂದು ಓಣಿಯವರಿಗೆ ಗೊತ್ತಿರುತ್ತದೆ, ಜಾಹೀರಾತಿನಲ್ಲಿ ಬರೆದಿರುವುದಿಲ್ಲ. ಆದರೆ ಈ ಆಕ್‌ಗೆ ಶರೀಅತ್ತಿನಲ್ಲಿ ಕಾಸಿನ ಬೆಲೆಯಿಲ್ಲ. ಯಾವ ಮೌಲವಿಯನ್ನು ಬೇಕಾದರೂ ಕೇಳಿ. ತಂದೆಯನ್ನು ಕೊಂದವನು ಪಾಲು ಕಳೆದುಕೊಳ್ಳುತ್ತಾನೆ, ಧರ್ಮ ಬೇರೆಯಾದವನು ಕಳೆದುಕೊಳ್ಳುತ್ತಾನೆ. ತಂದೆಯ ಸಿಟ್ಟಿನಿಂದ ಯಾರೂ ಕಳೆದುಕೊಳ್ಳುವುದಿಲ್ಲ. ಸೀರೆ ಉಟ್ಟ ಮಗನಿಗೂ ತಂದೆ ಸತ್ತ ಗಳಿಗೆಯಲ್ಲಿ ಪಾಲು ತಾನಾಗಿ ಬಂದಿರುತ್ತದೆ. ನಲವತ್ತನೆಯ ದಿನದ ಫಾತಿಹಾ ಮುಗಿಸಿ ಅಣ್ಣತಮ್ಮಂದಿರು ಮನೆ, ಹೊಲ, ಅಂಗಡಿಯ ಕಾಗದ ಹರಡಿಕೊಂಡು ಕೂಡುತ್ತಾರೆ. ಅಕ್ಕತಂಗಿಯರಿಗೂ ಸಹಿ ಮಾಡಲು ಹೇಳಿ ಕಳಿಸುತ್ತಾರೆ. ಮುಂಬಯಿಗೋ ಬೆಂಗಳೂರಿಗೋ ಹೋಗಿ ಯಾವುದೋ ಗುರುವಿನ ಹಮಾಮಿನಲ್ಲಿ ಇರುವ ಆ ಒಬ್ಬರ ಫೋನ್ ನಂಬರು ಅಮ್ಮಿಯ ಹತ್ತಿರ ಮಾತ್ರ ಇರುತ್ತದೆ. ಅವಳನ್ನು ಯಾರೂ ಕೇಳುವುದಿಲ್ಲ.